ಬೂಷ್ಟಿನವರು ಮನೆ ನೋಡಲು ಬಂದದ್ದು

ತಪಾಸಣೆ ಎನ್ನುವುದು ಬೇರೆಯವರದ್ದನ್ನು ಮಾಡುವಾಗ ಎಷ್ಟು ಸುಖವೋ, ನಮ್ಮದನ್ನು ಮಾಡಿಸಿಕೊಳ್ಳುವಾಗ ಅಷ್ಟೇ ಸಂಕಟ. ಪಕ್ಕದ ಮನೆಯವರ ಬಿ.ಪಿ. ಎಷ್ಟೆಂದು ಕೇಳಿ, ಹುಬ್ಬು ಮೇಲೇರಿಸಿ, ‘ಅಯ್ಯಯ್ಯೋ, ಮೊದಲು ಉಪ್ಪು ಬಿಡ್ರಿ’ ಎಂದು ಬುದ್ಧಿ ಹೇಳುವಾಗ ಆಗುವ ಸಮಾಧಾನವೇ ಬೇರೆ. ಅದೇ ಪಟ್ಟಿಯನ್ನು ನಮ್ಮ ತೋಳಿಗೆ ಸುತ್ತಿದ ಕೂಡಲೇ ‘ಈಗಷ್ಟೇ ಮೆಟ್ಟಲು ಹತ್ತಿ ಬಂದೀನ್ರಿ ಡಾಕ್ಟ್ರೇ’ ಎಂದು ಯಂತ್ರ ಬಾಯಿ ಬಿಡುವ ಮೊದಲೇ ಜಾಮೀನು ಕೇಳುತ್ತೇವೆ. ನಾನಂತೂ ಸ್ಕೂಟರಿನಿಂದ ಏನಾದರೂ ವಿಚಿತ್ರ ಸದ್ದು ಬಂದರೆ ಹಾರ್ನ್ ಹೊಡೆದುಕೊಂಡು ಹೋಗುವ ಪೈಕಿ. ಹಾರ್ನಿನ ಗದ್ದಲದಲ್ಲಿ ಆ ಸದ್ದು ಕೇಳುವುದಿಲ್ಲ. ಕೇಳದ ಸದ್ದಿಗೆ ರಿಪೇರಿ ಬೇಕಾಗುವುದಿಲ್ಲ.

ತಮಾಷೆಯೆಂದರೆ ನಾನು ಹೊಟ್ಟೆ ಹೊರೆಯುವುದೇ ತಪಾಸಣೆಯಿಂದ. ಹೊಸಪೇಟೆಯಿಂದ ದಿನಾ ಸಂಡೂರಿಗೆ ಹೋಗಿ, ಅಲ್ಲಿಯ ಒಂದು ಕಬ್ಬಿಣದ ಅದಿರಿನ ಗಣಿಯ ಲ್ಯಾಬಿನಲ್ಲಿ ಕೂರುತ್ತೇನೆ. ಅದಿರಿನ ಸ್ಯಾಂಪಲ್ ತೆಗೆದು ತೂಗುವುದು, ಓವನ್ನಿನಲ್ಲಿಟ್ಟು ಒಣಗಿಸುವುದು, ಮತ್ತೆ ತೂಗುವುದು, ಕಡಿಮೆಯಾದದ್ದೆಷ್ಟೋ ಅದು ನೀರು ಎಂದು ಬರೆಯುವುದು. ಇದಕ್ಕೆ ಮಾಯಿಶ್ಚರ್ ಎನ್ನುತ್ತಾರೆ. ಲಾರಿ ಡ್ರೈವರುಗಳ ಬಾಯಲ್ಲಿ ಅದು ‘ಮಾಶ್ಚರ್’ ಆಗಿ, ಕಡೆಗೆ ನನಗೇ ಅಂಟಿಕೊಂಡು, ಗಣಿಯಲ್ಲಿ ‘ಮಾಶ್ಚರ್ ಪಂಪಾಪತಿ’ ಎಂದರೆ ಎಲ್ಲರಿಗೂ ಗೊತ್ತು. ಲಾರಿಯ ಮೇಲಿನ ಅದಿರನ್ನು ಮುಷ್ಟಿಯಲ್ಲಿ ಹಿಡಿದು ಹಿಸುಕಿ, ನೀರೆಷ್ಟಿದೆಯೆಂದು ಓವನ್ನಿಗಿಂತ ಮೊದಲೇ ಹೇಳಬಲ್ಲೆನೆಂಬ ಜಂಬ ನನಗಿದೆ. ಎದುರಿಗಿರುವವರು ನಂಬಲಿ ಬಿಡಲಿ, ನಾನು ಹೇಳಿಯೇ ತೀರುತ್ತೇನೆ.

ಇಂಥ ನನ್ನ ಮನೆಯ ಮಲಗುವ ಕೋಣೆಯ ಗೋಡೆಗೆ ಬೂಷ್ಟು ಬಂತು.

ಹೊಸಪೇಟೆಯಲ್ಲಿ ಇದನ್ನು ಹೇಳಿಕೊಳ್ಳುವುದೂ ಕಷ್ಟ. ಮೇ ತಿಂಗಳಲ್ಲಿ ಬಂದು ನೋಡಿ. ಒದ್ದೆ ಬಟ್ಟೆ ಹಗ್ಗಕ್ಕೆ ಹಾಕಿ ಕ್ಲಿಪ್ಪು ಹುಡುಕುವಷ್ಟರಲ್ಲಿ ಒಣಗಿರುತ್ತದೆ. ಹಂಪಿಗೆ ಬಂದ ಪ್ರವಾಸಿಗರು ಬಂಡೆಯ ಮೇಲೆ ಕೂತು ಫೋಟೊ ತೆಗೆಸಿಕೊಳ್ಳಲು ಹೋಗಿ, ಕೂತಷ್ಟೇ ವೇಗದಲ್ಲಿ ಎದ್ದು ನಿಲ್ಲುವುದನ್ನು ನಾನೇ ಕಂಡಿದ್ದೇನೆ. ಇಂಥ ಊರಲ್ಲಿ ನಿಂತು ‘ನಮ್ಮ ಗೋಡೆಗೆ ಬೂಷ್ಟು ಬಂದೈತ್ರಿ’ ಎಂದರೆ ಯಾರು ನಂಬುತ್ತಾರೆ? ಬಣ್ಣದ ಅಂಗಡಿಯವನು ನಕ್ಕೇಬಿಟ್ಟ. “ಏನ್ ಸಾರ್, ಈ ಊರಾಗ ಮನಷ್ಯಾನ ಒಣಗಿ ಸಂಡಿಗಿ ಆಗ್ತಾನ, ಗ್ವಾಡಿಗೆ ಬೂಷ್ಟು ಎಲ್ಲಿಂದ ಬರ್ತೈತ್ರಿ? ಮಕ್ಕಳು ಮಸಿ ಬಳದಿರಬೇಕು ನೋಡ್ರಿ” ಎಂದ. ನನ್ನ ಮಗ ಶಿವು ಕಂಪ್ಲಿಯ ಹೈಸ್ಕೂಲಿನಲ್ಲಿ ಮೇಷ್ಟ್ರು. ಗೋಡೆಗೆ ಮಸಿ ಬಳಿಯುವ ವಯಸ್ಸು ಅವನಿಗೆ ದಾಟಿ ಎಷ್ಟೋ ಕಾಲವಾಯಿತು.

ಮೊದಲು ಅದು ಸಾಸಿವೆ ಚೆಲ್ಲಿದಷ್ಟೇ ಇತ್ತು. ನನ್ನ ಹೆಂಡತಿ ಅನ್ನಪೂರ್ಣ ಅದರ ಮೇಲೊಂದು ಕಿರಾಣಿ ಅಂಗಡಿಯ ಕ್ಯಾಲೆಂಡರು ತೂಗುಹಾಕಿದಳು. ಬೂಷ್ಟು ಕ್ಯಾಲೆಂಡರಿನ ಅಂಚಿನಿಂದ ಇಣುಕತೊಡಗಿದಾಗ ಗೊಬ್ಬರದ ಅಂಗಡಿಯ ದೊಡ್ಡ ಕ್ಯಾಲೆಂಡರು ಬಂತು. ಅದನ್ನೂ ಮೀರಿದಾಗ ಪಕ್ಕದಲ್ಲಿ ಸಹಕಾರಿ ಸಂಘದ್ದೊಂದು, ಜೆರಾಕ್ಸ್ ಅಂಗಡಿಯದ್ದೊಂದು. ನಮ್ಮ ಕೋಣೆಗೆ ಯಾರಾದರೂ ಬಂದರೆ, ಈ ಮನೆಯವರಿಗೆ ತಾರೀಖಿನ ಬಗ್ಗೆ ಇಷ್ಟೇಕೆ ಅನುಮಾನ ಎಂದು ಬೆರಗಾಗುತ್ತಿದ್ದರು.

ಇಷ್ಟೇ ಆಗಿದ್ದರೆ ನಾನು ಕ್ಯಾಲೆಂಡರುಗಳನ್ನು ಒಟ್ಟುಮಾಡಿಕೊಂಡು ಹಾಯಾಗಿರುತ್ತಿದ್ದೆ. ಆದರೆ ಅನ್ನಪೂರ್ಣೆಗೆ ಕೆಮ್ಮು ಹತ್ತಿಕೊಂಡಿತು. ಹಗಲೆಲ್ಲ ಚೆನ್ನಾಗಿಯೇ ಇರುತ್ತಾಳೆ, ಓಣಿಗೆಲ್ಲ ಕೇಳುವಂತೆ ಮಾತಾಡುತ್ತಾಳೆ. ನಸುಕಿನಲ್ಲಿ ಮಾತ್ರ ಒಣಕೆಮ್ಮು ಶುರುವಾದರೆ ಎದ್ದು ಕೂತು, ಎದೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ಕೆಮ್ಮುತ್ತಾಳೆ. ಡಾಕ್ಟರಿಗೆ ತೋರಿಸಿದೆವು. ಅವರು ಅವಳ ಎದೆಗೆ ಸ್ಟೆತಾಸ್ಕೋಪು ಇಟ್ಟು ನನ್ನ ಮುಖ ನೋಡಿದರು. “ಯಜಮಾನ್ರು ಎಲ್ಲಿ ಕೆಲಸ ಮಾಡ್ತಾರ?” ಗಣಿಯಲ್ಲಿ ಎಂದೆ. “ಹ್ಞಾಂ, ಧೂಳು” ಎಂದು ಬರೆದುಕೊಟ್ಟರು. ನಮ್ಮ ಸೀಮೆಯಲ್ಲಿ ಕೆಮ್ಮಿಗೆ, ಕೂದಲು ಉದುರುವುದಕ್ಕೆ, ಮಕ್ಕಳು ಗಣಿತದಲ್ಲಿ ಫೇಲಾಗುವುದಕ್ಕೆ ಕೂಡ ಕೆಂಪು ಧೂಳೇ ಕಾರಣ. ಗಣಿಯ ಅನ್ನ ತಿನ್ನುವ ನಾನು ಬಾಯಿ ಬಿಡುವ ಹಾಗಿಲ್ಲ. ಅಂದಿನಿಂದ ಹಿತ್ತಲಲ್ಲೇ ಅಂಗಿ ಬಿಚ್ಚಿ, ಕೈಕಾಲು ತೊಳೆದು, ಕಳ್ಳನ ಹಾಗೆ ಅಡುಗೆಮನೆಯ ಬಾಗಿಲಿನಿಂದ ಒಳಗೆ ಬರತೊಡಗಿದೆ. ಮಲಗುವ ಕೋಣೆಯ ಕಿಟಕಿಗಳನ್ನೂ ಭದ್ರವಾಗಿ ಮುಚ್ಚಿಸಿದೆ. ಕೆಮ್ಮು ಕಡಿಮೆಯಾಗಲಿಲ್ಲ.

“ಇದು ಆ ಕರಿ ಕಲೆಯಿಂದನ ಇರಬೇಕವ್ವ. ಯಾರಿಗಾದ್ರೂ ತೋರಿಸೋಣು” ಎಂದು ಮೊದಲು ಹೇಳಿದವನು ಶಿವು. ನನಗೆ ಕಾರಣ ಆಗಲೇ ಗೊತ್ತಿತ್ತು. ನಮ್ಮ ಮನೆಯ ಹಿಂದೆ ಸ್ವಲ್ಪ ದೂರದಲ್ಲಿ ಕಾಲುವೆ ಹರಿಯುತ್ತದೆ. ಅದರ ನೀರು ನೆಲದೊಳಗೆ ಜಿನುಗಿ, ಪಾಯದಲ್ಲಿ ಏರಿ, ಗೋಡೆಗೆ ಬಂದಿದೆ. ಹಾಗೆ ಬರಲು ಕಾರಣ ಪಾಯ ಸರಿಯಿಲ್ಲ. ಪಾಯ ಸರಿಯಿಲ್ಲದಿರಲು ಕಾರಣ ಮನೆ ಕಟ್ಟಿಸಿದ ಕಂಟ್ರಾಕ್ಟರು. ಕಂಟ್ರಾಕ್ಟರು ಬೇರೆ ಯಾರೂ ಅಲ್ಲ, ಅನ್ನಪೂರ್ಣೆಯ ತಮ್ಮ ಎರ್ರಿಸ್ವಾಮಿ. ನನ್ನ ಸಿದ್ಧಾಂತದ ಈ ಕೊನೆಯ ಮೆಟ್ಟಲು ನನಗೆ ಎಷ್ಟು ಪ್ರಿಯವಾಗಿತ್ತೆಂದರೆ, ಮೊದಲಿನ ಮೆಟ್ಟಲುಗಳನ್ನು ನಾನು ಪರೀಕ್ಷಿಸಲೇ ಇಲ್ಲ. ಎರ್ರಿಸ್ವಾಮಿ ಬಂದು ಗೋಡೆಗೆ ಗುದ್ದಿ ನೋಡಿ, “ಮಾವ, ಕಾಲುವಿ ಬಂದ್ ಮಾಡಿ ಎಷ್ಟ್ ದಿನ ಆತು? ಕಾಲುವ್ಯಾಗ ನೀರಿಲ್ದಾಗನ ನಿಮ್ಮ ಬೂಷ್ಟು ದಪ್ಪ ಆಗೈತಲ್ಲ?” ಎಂದು ಕೇಳಿದ. ಲ್ಯಾಬಿನಲ್ಲಿ ಯಾರಾದರೂ ಇಂಥ ಪ್ರಶ್ನೆ ಕೇಳಿದ್ದರೆ ಸ್ಯಾಂಪಲ್ಲನ್ನೇ ಮತ್ತೆ ತೆಗೆಸುತ್ತಿದ್ದೆ. ಮನೆಯಲ್ಲಿ “ಹಳೇ ನೀರು ಇಂಗಿರ್ತೈತಪ್ಪಾ” ಎಂದೆ.

“ನಮ್ಮ ತಮ್ಮ ಕಟ್ಟಿದ ಮನೀಗೆ ಹೆಸರು ಇಡಬ್ಯಾಡ್ರಿ” ಎಂದು ಅನ್ನಪೂರ್ಣ ಸಿಟ್ಟಾದಳು. ಸಿಟ್ಟಿನಲ್ಲಿ ಕೆಮ್ಮು ಬಂತು. ಕೆಮ್ಮು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಆಗ ನಮ್ಮ ಗಣಿಯ ಎಲೆಕ್ಟ್ರಿಷಿಯನ್ ಒಬ್ಬ ಸುನೀಲನ ವಿಷಯ ಹೇಳಿದ. ಬಳ್ಳಾರಿಯವನಂತೆ. ಗೋಡೆಗೆ ಮೀಟರು ಹಚ್ಚಿ, ಎಲ್ಲಿ ನೀರು ಹೊಕ್ಕಿದೆ, ಬೂಷ್ಟು ಎಷ್ಟಿದೆ ಎಂದು ನೋಡಿ ಹೇಳುತ್ತಾನಂತೆ. ನಂಬರು ಇಸಿದುಕೊಂಡೆ, ಫೋನು ಮಾಡಲಿಲ್ಲ. ಮಾಡಬೇಕೋ ಬೇಡವೋ ಎನ್ನುವುದರಲ್ಲಿ ವಾರಗಳು ಕಳೆದವು. ಕೂಲರಿನ ಮುಂದೆ ಕಾಲು ಚಾಚಿ ಕೂತು ಯೋಚಿಸುತ್ತಿದ್ದೆ. ತೋರಿಸಿದರೆ ‘ಗೋಡೆ ಒಡೀಬೇಕು’ ಎಂದಾನು. ಒಡೆದರೆ ಎರ್ರಿಸ್ವಾಮಿಯನ್ನು ಬಿಟ್ಟು ಬೇರೆಯವರಿಂದ ಕಟ್ಟಿಸಲಾಗದು, ಅವನಿಂದಲೇ ಕಟ್ಟಿಸಿದರೆ ನಾನು ಬೈದಂತಾಗದು. ತೋರಿಸದಿದ್ದರೆ ಅದು ಬರೀ ಕಲೆ, ತೋರಿಸಿದರೆ ಅದು ರೋಗ. ಬೆಳಿಗ್ಗೆ ಸ್ನಾನ ಮಾಡುವಾಗ ತೋರಿಸಿಯೇಬಿಡೋಣ ಅನ್ನಿಸುತ್ತಿತ್ತು. ಸಂಜೆ ಮಿರ್ಚಿ ಬಜ್ಜಿ ತಿನ್ನುವಾಗ ಮಳೆಗಾಲ ಮುಗಿಯಲಿ ಅನ್ನಿಸುತ್ತಿತ್ತು. ಮಳೆಗಾಲ ಇನ್ನೂ ಶುರುವೇ ಆಗಿರಲಿಲ್ಲ.

ಇದರ ಮೇಲೆ ಶಿವುವಿನ ಮದುವೆಯ ಮಾತು. ಸಂಡೂರಿನ ಬಸವರಾಜಪ್ಪನವರ ಮಗಳು ಸಹನಾಳನ್ನು ನೋಡಿ ಬಂದಿದ್ದೆವು. ಹುಡುಗಿ ಅಲ್ಲಿಯ ಪತ್ತಿನ ಸಂಘದಲ್ಲಿ ಕೆಲಸ ಮಾಡುತ್ತಾಳೆ. ನೋಡಿ ಬಂದ ದಿನದಿಂದ ನಮ್ಮ ಶಿವು ಕನ್ನಡಿಯ ಮುಂದೆ ನಿಲ್ಲುವುದನ್ನೂ, ನಾವು ಏನು ಹೇಳಿದರೂ ‘ಹ್ಞೂಂ’ ಎನ್ನುವುದನ್ನೂ ಕಲಿತಿದ್ದ. ಇನ್ನು ಅವರು ನಮ್ಮ ಮನೆ ನೋಡಲು ಬರಬೇಕಿತ್ತು. ನಮ್ಮ ಕಡೆ ಇದೊಂದು ದೊಡ್ಡ ಹಂತ. ಹುಡುಗಿಯನ್ನು ನೋಡಿದ ಮೇಲೆ ಹುಡುಗಿಯ ಕಡೆಯವರು ಬಂದು ಹುಡುಗನ ಮನೆಯನ್ನು ನೋಡುತ್ತಾರೆ. ನೀರು ಎಲ್ಲಿಂದ ಬರುತ್ತದೆ, ಅಡುಗೆಮನೆಯಲ್ಲಿ ಬೆಳಕಿದೆಯೋ ಇಲ್ಲವೋ, ಅತ್ತೆ ಎಷ್ಟು ಗಟ್ಟಿಯಾಗಿ ಮಾತಾಡುತ್ತಾಳೆ ಎಲ್ಲವನ್ನೂ ಚಹಾ ಕುಡಿಯುವ ನೆಪದಲ್ಲಿ ಅಳೆದು ಹೋಗುತ್ತಾರೆ. “ಅವ್ರು ಬಂದು ಹೋಗೋ ತನಕ ಗ್ವಾಡಿ ಮಾತು ಎತ್ತಬ್ಯಾಡ್ರಿ. ಮನೀಗೆ ರೋಗ ಐತಂತ ಊರೆಲ್ಲ ಆದ್ರ ಯಾರು ಹೆಣ್ಣು ಕೊಡ್ತಾರ?” ಎಂದು ಅನ್ನಪೂರ್ಣ ಕಟ್ಟಪ್ಪಣೆ ಮಾಡಿದಳು. ನನಗೂ ಅದೇ ಬೇಕಿತ್ತು. ಮುಂದೂಡಲು ಹೆಂಡತಿಯೇ ಕಾರಣ ಕೊಟ್ಟರೆ ಗಂಡನಿಗೆ ಅದಕ್ಕಿಂತ ಭಾಗ್ಯ ಇನ್ನೇನಿದೆ?

ಆದರೆ ಒಂದು ನಸುಕಿನಲ್ಲಿ ಅವಳ ಕೆಮ್ಮು ನಿಲ್ಲಲೇ ಇಲ್ಲ. ನೀರು ಕೊಟ್ಟೆ, ಬೆನ್ನು ತಿಕ್ಕಿದೆ. ಅವಳು ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಉಸಿರು ಎಳೆದುಕೊಳ್ಳಲು ಒದ್ದಾಡುವ ಆ ಸದ್ದು ಕೇಳಿ ನನಗೆ ನಿಜವಾಗಿ ಹೆದರಿಕೆಯಾಯಿತು. ಇವಳಿಗೆ ಏನಾದರೂ ಆದರೆ ನಾನು ಏನು ಮಾಡಲಿ ಎನ್ನುವ ಯೋಚನೆ ಬಂತು. ಕೆಮ್ಮು ಇಳಿದ ಮೇಲೆ ಅವಳು “ಏನೂ ಇಲ್ರಿ, ಚಹಾ ಇಡ್ತೀನಿ” ಎಂದು ಎದ್ದುಹೋದಳು. ನಾನು ಫೋನು ಹಿಡಿದುಕೊಂಡು ಮನೆಯ ಮುಂದಿನ ಬೇವಿನ ಮರದ ಕೆಳಗೆ ಬಂದೆ.

ಆ ಬೆಳಗಿನಲ್ಲೇ ಸುನೀಲ ಫೋನೆತ್ತಿದ. ಒಳಗೆ ಕೇಳಬಾರದೆಂದು ದೂರ ಬಂದವನು, ಫೋನಿನಲ್ಲಿ ಗಟ್ಟಿಯಾಗಿ ಮಾತಾಡುವ ನನ್ನ ಚಾಳಿಯನ್ನು ಮರೆತೆ. “ನಮಸ್ಕಾರ್ರೀ, ನಾವು ಹೊಸಪೇಟಿಯಿಂದ. ಈ ರವಿವಾರ ಬಳ್ಳಾರಿಯಿಂದ ಮನಿ ನೋಡಾಕ ಬರ್ತೀರೇನು? ಹ್ಞಾಂ, ಬರ್ರಿ ಬರ್ರಿ. ಜಲ್ದಿ ಬಂದ್ರ ಚಲೋ. ನಮ್ಮ ಮನ್ಯಾಗ ಇನ್ನೂ ಹೇಳಿಲ್ರೀ, ಆಮ್ಯಾಲ ಹೇಳ್ತೀನಿ. ನೀವು ಮೊದಲು ಬಂದು ನೋಡ್ರಿ, ಒಪ್ಪಿಗಿ ಆದ್ರ ಮುಂದಿಂದು ಮಾತಾಡೋಣಂತ” ಎಂದೆ. ಫೋನಿಟ್ಟು ತಿರುಗಿದರೆ, ಎದುರುಮನೆಯ ನಾಗರತ್ನಕ್ಕ ಪೊರಕೆಯನ್ನು ಹಾಗೇ ಹಿಡಿದು ನಿಂತಿದ್ದರು. ನನ್ನನ್ನು ನೋಡಿ ಒಂದು ನಗೆ ನಕ್ಕರು. ನಾನೂ ನಕ್ಕೆ. ಅವರ ತವರುಮನೆ ಸಂಡೂರು ಎನ್ನುವುದು ನನಗೆ ಆಗ ಹೊಳೆಯಲಿಲ್ಲ.

ಮಧ್ಯಾಹ್ನಕ್ಕೆಲ್ಲ ಓಣಿ ತುಂಬ ಸುದ್ದಿಯಾಯಿತು. ಕೆಲಸ ಮುಗಿಸಿ ಬಸ್ಸಿಳಿದು ಬರುತ್ತಿದ್ದ ನನಗೆ ಹಾಲಿನವನು “ಬಳ್ಳಾರಿ ಸಂಬಂಧ ಅಂತಲ್ರಿ ಸಾರ್?” ಎಂದ. ಅನ್ನಪೂರ್ಣೆಗೆ ಯಾರೋ ದೇವಸ್ಥಾನದಲ್ಲಿ ‘ಭಾಳ ಸಂತೋಷ’ ಎಂದರಂತೆ. ಅವಳು ಸಂಡೂರಿನವರ ವಿಷಯವೇ ಇರಬೇಕೆಂದು ತಾನೂ ಭಾಳ ಸಂತೋಷ ಎಂದು ಬಂದಿದ್ದಳು. ಸಂಜೆ ನಾನು ಹಿತ್ತಲಲ್ಲಿ ಅಂಗಿ ಬಿಚ್ಚುತ್ತಿರುವಾಗ ಬಸವರಾಜಪ್ಪನವರ ಫೋನು ಬಂತು.

ಅವರು ಬಹಳ ಮರ್ಯಾದಸ್ಥರು. ಮರ್ಯಾದಸ್ಥರ ಸಿಟ್ಟು ಎದುರಿಸುವುದು ಕಷ್ಟ, ಬೈದುಬಿಟ್ಟರೆ ಎಷ್ಟೋ ವಾಸಿ. “ನಿಮ್ಮ ಮಗನಿಗೆ ಬ್ಯಾರೆ ಕಡೆ ಕೂಡಿ ಬಂದ್ರ ನಮಗೇನೂ ಬ್ಯಾಸರಿಲ್ರೀ ಪಂಪಾಪತಿಯವರ. ಆದ್ರ ಒಂದು ಮಾತು ಹೇಳಿದ್ರ ಆಗ್ತಿತ್ತು. ಹುಡುಗಿ ಮನಸ್ನ್ಯಾಗ ಏನೋ ಇಟ್ಕೊಂಡಿರ್ತೈತಿ” ಎಂದರು. ನನಗೆ ಏನೂ ತಿಳಿಯಲಿಲ್ಲ. ಬನಿಯನ್ನಿನಲ್ಲಿ ನಿಂತುಕೊಂಡೇ, ಅಂಥದ್ದೇನೂ ಇಲ್ಲವಲ್ಲ ಎಂದೆ. “ಇಲ್ಲ ಅಂತೀರಿ, ರವಿವಾರ ಯಾರೋ ಮನಿ ನೋಡಾಕ ಬರ್ತಾರಂತ?” ಎಂದರು. ನಾಗರತ್ನಕ್ಕನ ಆ ನಗೆ ಈಗ ಅರ್ಥವಾಯಿತು. ಬಾಗಿಲಲ್ಲಿ ಶಿವು ನಿಂತಿದ್ದ. ಯಾರ ಫೋನೆಂದು ಅವನಿಗೆ ಗೊತ್ತಾಗಿತ್ತು. ಹೈಸ್ಕೂಲಿನ ಮಕ್ಕಳನ್ನು ಗದರಿಸುವ ಆ ಮುಖ, ರಿಸಲ್ಟು ಕಾಯುವ ಹುಡುಗನ ಮುಖವಾಗಿತ್ತು. ಈಗ ಸುಳ್ಳು ಹೇಳಿದರೆ ಹುಡುಗಿ ಹೋಗುತ್ತಾಳೆ, ನಿಜ ಹೇಳಿದರೆ ಮನೆಯ ಮರ್ಯಾದೆ ಹೋಗುತ್ತದೆ. ಆ ಮುಖ ನೋಡಿ ಮರ್ಯಾದೆಯೇ ಹೋಗಲಿ ಎಂದು ನಿರ್ಧರಿಸಿದೆ.

“ಅದು ಬೂಷ್ಟು ರೀ” ಎಂದೆ.

“ಯಾರು?”

“ಬೂಷ್ಟು. ಬೂಷ್ಟಿನವರು ನೋಡಾಕ ಬರ್ತಾರ.”

ಅತ್ತ ಬಸವರಾಜಪ್ಪನವರು ಧ್ವನಿ ತಗ್ಗಿಸಿ, “ಬೂಷ್ಟಿನವರು ಅಂದ್ರ... ಮೆಟ್ರಿ ಊರ ಕಡಿಯವರೇನ್ರಿ? ದೊಡ್ಡ ಮನೆತನ ಅಂತ ಕೇಳೀವಿ” ಎಂದರು.

ಓದುಗರೇ, ನಗಬೇಡಿ. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ, ಜೀರಗಿ ಎಂದೆಲ್ಲ ಅಡ್ಡಹೆಸರುಗಳಿರುವ ನಾಡಿದು. ಬೂಷ್ಟಿನವರು ಎಂಬ ಮನೆತನ ಇರಬಾರದೆಂದು ಯಾವ ಕಾನೂನೂ ಇಲ್ಲ. ಇಲ್ಲದ ಮನೆತನವನ್ನು ‘ಕೇಳೀವಿ’ ಎಂದದ್ದು ಮಾತ್ರ ಬೀಗರ ದೊಡ್ಡತನ. ನನಗೆ ಮೊದಲು ನಗು, ಆಮೇಲೆ ಅಳು ಬಂತು. “ಹಂಗಲ್ರೀ ಯಜಮಾನ್ರ, ಉಪ್ಪಿನಕಾಯಿ ಮ್ಯಾಲ ಬರ್ತೈತಲ್ಲ, ಅದು. ನಮ್ಮ ಮಲಗೋ ಖೋಲಿ ಗ್ವಾಡಿಗೆ ಬಂದೈತ್ರಿ. ನಮ್ಮ ಮನ್ಯಾಗ ಕೆಮ್ಮಾಕತ್ತಾರ. ಅದನ್ನ ನೋಡಾಕ ಒಬ್ಬ ಹುಡುಗ ಮೀಟರ್ ತಗೊಂಡು ಬರ್ತಾನ್ರಿ” ಎಂದು ಒಂದೇ ಉಸಿರಿಗೆ ಒಪ್ಪಿಸಿದೆ. ಅವರ ಹಿಂದೆ ಒಂದು ಹೆಂಗಸಿನ ಧ್ವನಿ ‘ಏನಂತ, ಏನಂತ?’ ಎನ್ನುತ್ತಿತ್ತು. ಕಡೆಗೆ ಅವರು, “ಹಂಗಾದ್ರ ನಾವೂ ಈ ರವಿವಾರನ ಬಂದುಬಿಡ್ತೀವ್ರಿ” ಎಂದು ಫೋನಿಟ್ಟರು. ಅವರು ನಂಬಿದರೋ, ಇಲ್ಲ ಬೂಷ್ಟಿನ ಮನೆತನದವರನ್ನು ಕಣ್ಣಾರೆ ಕಾಣಲು ಬರುತ್ತಿದ್ದಾರೋ ನನಗೆ ತಿಳಿಯಲಿಲ್ಲ.

ಅನ್ನಪೂರ್ಣೆಗೆ ಹೇಳಿದಾಗ ಏನಾಯಿತೆಂದು ವಿವರಿಸುವುದಿಲ್ಲ. “ನಿಮ್ಮ ಬುದ್ಧೀಗೆ ಬೆಂಕಿ ಹಚ್ಚಲಿ, ಒಂದಽ ದಿನ ಇಬ್ರನ್ನೂ ಕರದೀರಲ್ರೀ! ಅವ್ರ ಮುಂದ ಆ ಹುಡುಗ ನಮ್ಮ ಗ್ವಾಡಿಗೆ ಥರ್ಮಾಮೀಟರ್ ಇಡ್ತಾನ?” ಎನ್ನುವುದು ಅದರಲ್ಲಿ ಅತ್ಯಂತ ಸೌಮ್ಯವಾದ ವಾಕ್ಯ. ಸುನೀಲನಿಗೆ ಬರಬೇಡ ಎಂದು ಹೇಳಲು ಫೋನು ಕೈಗೆತ್ತಿಕೊಂಡೆ. ಅವಳೇ ಅದನ್ನು ಕಸಿದುಕೊಂಡಳು. “ಈಗ ಬ್ಯಾಡ ಅಂದ್ರ ಸುಳ್ಳು ಹೇಳಿದಂಗ ಆಗ್ತೈತಿ. ಬರ್ಲಿ. ನೋಡೇಬಿಡ್ಲಿ ಎಲ್ಲಾರೂ” ಎಂದಳು. ಧ್ವನಿಯಲ್ಲಿ ಅಳು ಬೆರೆತಿತ್ತು. ನಾನು ಫ್ಯಾನಿನ ರೆಕ್ಕೆ ಒರೆಸಲು ಹೋದೆ.

ಭಾನುವಾರ ಬೆಳಿಗ್ಗೆ ಮನೆ ಥಳಥಳ ಹೊಳೆಯುತ್ತಿತ್ತು. ಹುಡುಗನ ಸೋದರಮಾವನೆಂಬ ಹಕ್ಕಿನಿಂದ ಎರ್ರಿಸ್ವಾಮಿ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ಬಂದು, ತಾನು ಕಟ್ಟಿದ ಗೋಡೆಗೆ ಒರಗಿ ಕೂತ. ಬಸವರಾಜಪ್ಪನವರು ಬಂದರು, ಜೊತೆಗೆ ಹೆಂಡತಿ ಶಾರದಮ್ಮ. “ಬರ್ರಿ, ಬರ್ರಿ, ಕುಂದ್ರಿ” ಆಯಿತು. ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಂದವು. ಬಿಸಿಲಿನ ಬಗ್ಗೆ ಎಲ್ಲರೂ ಒಮ್ಮತಕ್ಕೆ ಬಂದರು. ಶಾರದಮ್ಮ ಮಿತಭಾಷಿ, ಆದರೆ ಕಣ್ಣು ಮಾತ್ರ ಒಂದು ಕಡೆ ನಿಲ್ಲುತ್ತಿರಲಿಲ್ಲ. ಅಷ್ಟರಲ್ಲಿ ಗೇಟು ಸದ್ದಾಯಿತು. ಬಸವರಾಜಪ್ಪನವರು ಮಿರ್ಚಿಯನ್ನು ಕೈಯಲ್ಲಿ ಹಿಡಿದೇ ಕತ್ತು ಉದ್ದ ಮಾಡಿದರು. ಕಪ್ಪು ಕನ್ನಡಕ, ಬೆನ್ನಿಗೆ ಬ್ಯಾಗು ಹಾಕಿಕೊಂಡ ಸುನೀಲ ಒಬ್ಬನೇ ಬರುವುದನ್ನು ಕಂಡು, ಅವನ ಹಿಂದೆ ಮನೆತನ ಯಾವುದೂ ಇಲ್ಲವೆಂದು ಖಾತ್ರಿಯಾದ ಮೇಲೆ ಮಿರ್ಚಿಯನ್ನು ಕಚ್ಚಿದರು.

ಸುನೀಲನ ಬಾಯಿ ಅವನ ಮೀಟರಿಗಿಂತ ಚುರುಕು. ಬಂದವನೇ ಮನೆಗಳಿಗೆ ಬರುವ ರೋಗಗಳ ಬಗ್ಗೆ ಒಂದು ಭಾಷಣ ಬಿಗಿದು, ನಡುಮನೆ, ಅಡುಗೆಮನೆ, ಬಚ್ಚಲು ಎಲ್ಲ ಕಡೆ ಗೋಡೆಗೆ ಮೀಟರು ಒತ್ತಿದ. ಅದು ಸುಮ್ಮನಿತ್ತು. ಎರ್ರಿಸ್ವಾಮಿ ಪ್ರತಿ ಸಲವೂ ನನ್ನ ಕಡೆ ನೋಡಿ ಕೆಮ್ಮಿದ. ಕಡೆಗೆ ಮಲಗುವ ಕೋಣೆ. ಎಲ್ಲರೂ ಹಿಂದೆಯೇ ಬಂದರು. ಬೀಗರು ನಮ್ಮ ಮಲಗುವ ಕೋಣೆಯಲ್ಲಿ ಹೀಗೆ ಮೆರವಣಿಗೆಯಲ್ಲಿ ಬಂದು ನಿಲ್ಲುತ್ತಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಅನ್ನಪೂರ್ಣ ತುಟಿ ಕಚ್ಚಿಕೊಂಡು ಕ್ಯಾಲೆಂಡರುಗಳನ್ನು ಒಂದೊಂದಾಗಿ ತೆಗೆದಳು. ಕಲೆ ಇಡೀ ಗೋಡೆಗೆ ಹರಡಿತ್ತು. ಇಷ್ಟು ದೊಡ್ಡದಾಗಿದೆಯೆಂದು ನನಗೂ ಗೊತ್ತಿರಲಿಲ್ಲ. ಮೀಟರು ಕಿಂಯ್ಯೋ ಎಂದು ಕಿರುಚಿತು. “ಕಾಲುವಿ ನೀರು ಸಾರ್, ಗ್ಯಾರಂಟಿ. ಪಾಯದಿಂದ ಏರೈತಿ. ಕೆಮಿಕಲ್ ಹೊಡೀಬೇಕು” ಎಂದ ಸುನೀಲ. ನಾನು ಎರ್ರಿಸ್ವಾಮಿಯ ಕಡೆ ನೋಡಿದೆ. ನನ್ನ ಬಾಳಿನಲ್ಲಿ ಅಷ್ಟು ತೃಪ್ತಿಯಿಂದ ಯಾರನ್ನೂ ನೋಡಿಲ್ಲ.

“ಏನ್ ಧಗಿ ರೀ ಇಲ್ಲಿ” ಎಂದರು ಶಾರದಮ್ಮ, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ. ಕೋಣೆ ಮುಚ್ಚಿ ಮುಚ್ಚಿ ಉಸಿರು ಕಟ್ಟುವ ಹಾಗಿತ್ತು. ಗೆದ್ದ ಉತ್ಸಾಹದಲ್ಲಿ ನಾನು, “ಒಂದ್ ನಿಮಿಷ ರೀ, ತಂಪು ಮಾಡ್ತೀನಿ” ಎಂದು ಮಂಚದ ಪಕ್ಕದ ನನ್ನ ಕೂಲರನ್ನು ಹಚ್ಚಿದೆ. ಆಳೆತ್ತರದ ತಗಡಿನ ಕೂಲರು. ಬೀಗರು ಬರುತ್ತಾರೆಂದು ಬೆಳಿಗ್ಗೆಯೇ ಕಂಠಮಟ್ಟ ನೀರು ತುಂಬಿಸಿಟ್ಟಿದ್ದೆ. ಅದು ಭರ್ರೆಂದು ಗಾಳಿ ಬಿಟ್ಟಿತು. ಗಾಳಿಯ ಜೊತೆ ಸಣ್ಣ ಹನಿಗಳು. ಶಾರದಮ್ಮ ಕೆನ್ನೆ ಒರೆಸಿಕೊಂಡರು. ಗೋಡೆಯ ಮುಂದೆ ನಿಂತ ಸುನೀಲ ಕನ್ನಡಕ ಒರೆಸಿದ, ಹಾಕಿಕೊಂಡ, ಮತ್ತೆ ಒರೆಸಿದ. ಬಸವರಾಜಪ್ಪನವರ ಬಿಳಿ ಅಂಗಿಯ ಮೇಲೆ ಚುಕ್ಕಿ ಚುಕ್ಕಿಯಾಗಿ ಒದ್ದೆಯಾಯಿತು. ನಾನು ಮಾತ್ರ ಕೈಕಟ್ಟಿ ನಿಂತು, “ಹೆಂಗೈತ್ರಿ ಗಾಳಿ? ವರ್ಷಾನುಗಟ್ಟಲೆ ರಾತ್ರಿಯೆಲ್ಲ ಓಡ್ತೈತ್ರಿ, ಒಂದ್ ದಿನ ಕೆಟ್ಟಿಲ್ಲ” ಎಂದೆ.

“ಕಿಟಕಿ ತಗದಿಡ್ತೀರೇನ್ರಿ?” ಎಂದರು ಶಾರದಮ್ಮ.

“ಇಲ್ರೀ, ಧೂಳು ಬರ್ತೈತಲ್ಲ, ಎಲ್ಲಾ ಟೈಟ್!”

ಕೂಲರು ಭರ್ರೆನ್ನುತ್ತಲೇ ಇತ್ತು. ಶಾರದಮ್ಮ ಕೂಲರನ್ನು ನೋಡಿದರು, ಅದರ ಎದುರಿಗೆ ನೇರವಾಗಿದ್ದ ಕಪ್ಪು ಗೋಡೆಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಅನ್ನಪೂರ್ಣ ನೋಡಿದಳು. ಶಿವು ನೋಡಿದ. ಸುನೀಲ ಮೀಟರನ್ನು ಮೆಲ್ಲಗೆ ಬ್ಯಾಗಿಗೆ ಹಾಕಿಕೊಂಡ. ಅಷ್ಟೂ ಕಣ್ಣುಗಳ ನಡುವೆ ನಿಂತಾಗ ನನಗೆ ತಲೆಯೊಳಗೆ ದೀಪ ಹತ್ತಿತು. ಕಾಲುವೆ ಒಣಗುವುದು ಬೇಸಿಗೆಯಲ್ಲಿ. ಕೂಲರು ರಾತ್ರಿ ಹಗಲು ಓಡುವುದೂ ಬೇಸಿಗೆಯಲ್ಲಿ. ಕೆಲಸದಲ್ಲಿ ಊರವರ ಅದಿರಿನ ನೀರನ್ನು ಕಂಡುಹಿಡಿದು, ಮನೆಗೆ ಬಂದು ಕಿಟಕಿ ಮುಚ್ಚಿ, ಹೆಂಡತಿಯ ತಲೆಯ ಮೇಲಿನ ಗೋಡೆಗೆ ಬಕೀಟು ಬಕೀಟು ನೀರು ಹೊಡೆಯುತ್ತಿದ್ದವನು ನಾನೇ.

ಎರ್ರಿಸ್ವಾಮಿ ಗೋಡೆಯ ಒಣಗಿದ ಒಂದು ಮೂಲೆಯನ್ನು ಪ್ರೀತಿಯಿಂದ ಸವರಿದ. “ಮಾವ, ಇಷ್ಟ್ ನೀರ್ ಕುಡದ್ರೂ ನಿಂತೈತಲ್ಲ ನನ್ನ ಗ್ವಾಡಿ! ಶಭಾಷ್ ಅನ್ರಿ” ಎಂದ. ಮೊದಲು ನಕ್ಕವರು ಬಸವರಾಜಪ್ಪನವರು. ಹೊಟ್ಟೆ ಹಿಡಿದುಕೊಂಡು ಮಂಚದ ಮೇಲೆ ಕೂತೇಬಿಟ್ಟರು. ಶಾರದಮ್ಮ ಸೆರಗು ಬಾಯಿಗೆ ಅಡ್ಡ ಹಿಡಿದರು. ಅನ್ನಪೂರ್ಣ ನಗಲು ಹೋಗಿ ಕೆಮ್ಮು ಹತ್ತಿ ಬಗ್ಗಿದಾಗ, ಶಾರದಮ್ಮನೇ ಅವಳ ಬೆನ್ನು ತಿಕ್ಕಿ, “ಮೊದಲು ಕಿಟಕಿ ತಗೀರಿ ಯಾರಾದ್ರೂ” ಎಂದು ಗದರಿದರು. ಇನ್ನೂ ಬೀಗತಿ ಆಗಿರಲಿಲ್ಲ, ಆದರೆ ಗದರಿದ ಧಾಟಿ ಬೀಗತಿಯದೇ. ಶಿವು ಓಡಿಹೋಗಿ ಕಿಟಕಿ ತೆಗೆದ.

ಹೊರಡುವಾಗ ಶಾರದಮ್ಮ ಬಾಗಿಲಲ್ಲಿ ನಿಂತು ಅನ್ನಪೂರ್ಣೆಗೆ, “ಹುಡುಗ ಒಪ್ಪಿಗಿ, ಮನಿ ಒಪ್ಪಿಗಿ. ಇಷ್ಟ್ ದಿನ ಮಾತಾಡಿದ ಮನೆಗಳ್ಯಾಗ ಎಲ್ಲಾರೂ ಚಲೋದನ್ನಽ ತೋರ್ಸಿದ್ರು. ನೀವು ಕ್ಯಾಲೆಂಡರ್ ತಗದ್ರಿ. ಆದ್ರ ಒಂದು ಕರಾರು ಐತ್ರಿ” ಎಂದರು. “ಆ ತಗಡಿನ ಡಬ್ಬಿ ಇರೋ ತನಕ ನಮ್ಮ ಹುಡುಗಿ ಈ ಮನೀಗೆ ಬರಂಗಿಲ್ಲ.” ಹೀಗೆ ನಮ್ಮ ಮನೆಯ ಮದುವೆಯಲ್ಲಿ ವರದಕ್ಷಿಣೆಯಾಗಿ ಮನೆಯಿಂದ ಹೊರಹೋದದ್ದು ನನ್ನ ಕೂಲರು. ಎರ್ರಿಸ್ವಾಮಿಯೇ ಅದನ್ನು ಟಂಟಂ ಗಾಡಿಗೆ ಏರಿಸಿದ. ಅವನ ಮುಖದಲ್ಲಿದ್ದ ಭಕ್ತಿಯನ್ನು ನಾನು ಯಾವ ಪೂಜೆಯಲ್ಲೂ ಕಂಡಿಲ್ಲ. ಬೂಷ್ಟನ್ನು ಕೆರೆದು, ತೊಳೆದು, ಗೋಡೆಯನ್ನು ಒಣಗಲು ಬಿಟ್ಟು, ಅವನೇ ಬಣ್ಣವನ್ನೂ ಹೊಡೆಸಿದ. ನಾನು ಆ ಬೇಸಿಗೆಯನ್ನು ಒದ್ದೆ ಟವೆಲು ಹೊದ್ದು ಕಳೆದೆ.

ಇದೆಲ್ಲ ಆಗಿ ಕೆಲವು ವಾರಗಳ ನಂತರ ಒಂದು ದಿನ ಕಣ್ಣು ಬಿಟ್ಟರೆ, ತೆರೆದ ಕಿಟಕಿಯಿಂದ ಬಿಸಿಲು ಬಂದು ನನ್ನ ಮುಖಕ್ಕೆ ಬಿದ್ದಿತ್ತು. ಹೌಹಾರಿ ಎದ್ದೆ. ಸಂಡೂರಿಗೆ ಹೋಗುವ ಗಣಿಯ ಬಸ್ಸು ಯಾವಾಗಲೋ ಹೋಗಿಯಾಗಿತ್ತು. ಎಷ್ಟೋ ತಿಂಗಳಿಂದ ನಾನು ಒಮ್ಮೆಯೂ ಬಸ್ಸು ತಪ್ಪಿಸಿಕೊಂಡಿರಲಿಲ್ಲ. ಅಲಾರಂ ಇಡುವುದನ್ನೂ ಬಿಟ್ಟಿದ್ದೆ. ತಾನಾಗಿಯೇ ಎಚ್ಚರವಾಗುತ್ತದೆ, ಅದು ನನ್ನ ಶಿಸ್ತು ಎಂದು ಎಲ್ಲರ ಮುಂದೆ ಕೊಚ್ಚಿಕೊಳ್ಳುತ್ತಿದ್ದೆ. “ಯಾಕ ಎಬ್ಬಿಸಲಿಲ್ಲ?” ಎಂದು ಕೂಗಲು ತಿರುಗಿದರೆ ಅನ್ನಪೂರ್ಣ ಪಕ್ಕದಲ್ಲಿ ಇನ್ನೂ ಮಲಗಿದ್ದಳು. ಬಾಯಿ ಸ್ವಲ್ಪ ತೆರೆದು, ಕೈಯನ್ನು ಕೆನ್ನೆಯ ಕೆಳಗೆ ಇಟ್ಟುಕೊಂಡು, ಸದ್ದಿಲ್ಲದೆ ಉಸಿರಾಡುತ್ತಿದ್ದಳು. ಕೂಗಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಕೂತು ಆ ಉಸಿರನ್ನು ಕೇಳಿದೆ. ನನಗೆ ಬಹಳ ಸುಖವೆನಿಸಿತು, ಕಣ್ಣೂ ಒದ್ದೆಯಾಯಿತು, ಇದನ್ನು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಸರ್ಕಾರಿ ಬಸ್ಸು ಹತ್ತಿ, ನಿಂತುಕೊಂಡೇ ಹೋಗಿ ಲ್ಯಾಬು ಮುಟ್ಟುವಾಗ ಹೊತ್ತು ನೆತ್ತಿಗೆ ಬಂದಿತ್ತು. ನಮ್ಮ ಸಾಹೇಬರು ಬಾಗಿಲಲ್ಲೇ ನಿಂತಿದ್ದರು. “ಏನ್ರೀ ಪಂಪಾಪತಿ, ನೀವೂ ಲೇಟಾ? ಯಾಕ?” ಎಂದರು.

ಯೋಚಿಸಿ ಒಂದು ಒಳ್ಳೆಯ ಸುಳ್ಳು ಹೇಳಬಹುದಿತ್ತು. ಬಾಯಿಗೆ ನಿಜವೇ ಬಂತು.

“ಹೆಂಡ್ತಿ ಕೆಮ್ಮಲಿಲ್ಲ ಸಾರ್” ಎಂದೆ.

ಸಾಹೇಬರು ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿದರು. ದನಿ ತಗ್ಗಿಸಿ, ಬಹಳ ಕಳಕಳಿಯಿಂದ, “ಎಲ್ಡು ದಿನ ರಜಾ ತಗೊಳ್ರಿ. ಯಾರಾದ್ರೂ ಚಲೋ ಡಾಕ್ಟರಿಗೆ ತೋರಿಸ್ಕೊಳ್ರಿ” ಎಂದರು.